ಶ್ರಾವಣದಲ್ಲಿ ನಾನು ಓದಿದ ಪುರಾಣ

ನಾಚಿಕೆಗೇಡನ್ನು ಹುಡುಕಿಕೊಂಡು ಹೋಗುವವನು ನಾನಲ್ಲ. ಅದೇ ನನ್ನ ಮನೆ ವಿಚಾರಿಸಿಕೊಂಡು ಬರುತ್ತದೆ. ಯುದ್ಧದ ಕಾಲದ ಆ ಒಂದು ಶ್ರಾವಣದಲ್ಲಂತೂ ತಿಂಗಳಿಡೀ ಠಿಕಾಣಿ ಹೂಡಿತ್ತು.

೧. ನಾಲ್ಕು ಪೊಟ್ಟಣ ಭಜಿ

ನಾನಾಗ ಕಲ್ಯಾಣದಲ್ಲಿ ಇಂಗ್ಲಿಷು ಕಲಿಸುವ ಮಾಸ್ತರ. ಹೆಂಡತಿಯ ತಮ್ಮನದು ಹುಮನಾಬಾದಿನ ದೊಡ್ಡ ರಸ್ತೆಯಲ್ಲಿ ಚಹಾದಂಗಡಿ. ಅಲ್ಲಿ ಲಾರಿ ನಿಲ್ಲಿಸಿದ್ದ ಗೋರಾ ಸಿಪಾಯಿಗಳು ಒಂದು ಗಂಟು ಚಿತ್ರಕಥೆಯ ಪುಸ್ತಕ ಬಿಟ್ಟುಹೋಗಿದ್ದರು. ಅವನು ಅದರ ಹಾಳೆ ಹರಿದು ಭಜಿ ಕಟ್ಟುತ್ತಿದ್ದ. ನನಗೆ ಬಂದ ಹಾಳೆಯಲ್ಲಿ ಒಬ್ಬ ಪೈಲ್ವಾನ ಆಕಾಶದಿಂದ ಬೀಳುತ್ತಿದ್ದ. ಮುಂದೇನಾಯಿತೆಂದು ತಿಳಿಯದೆ ಜೀವ ತಡೆಯಲಿಲ್ಲ. ಇನ್ನೊಂದು ಪೊಟ್ಟಣ ಕೇಳಿದೆ, ಮತ್ತೊಂದು ಕೇಳಿದೆ. ನಾಲ್ಕನೆಯ ಪೊಟ್ಟಣದಲ್ಲಿ ಅವನು ನೆಲ ಮುಟ್ಟದೆ ಮೇಲಕ್ಕೆ ಹಾರಿದ. ಉಳಿದ ಗಂಟನ್ನು ಶಾಲೆಯ ಮಕ್ಕಳಿಗೆಂದು ಸುಳ್ಳು ಹೇಳಿ ಎತ್ತಿಕೊಂಡೆ.

ಮೈದುನರಾಯರು ಕೊಟ್ಟರು. ಆದರೆ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಮಾಮಾ, ಅಕ್ಕ ಮನ್ಯಾಗ ಊಟಕ್ಕ ಹಾಕಾಕತ್ತಾಳೋ ಇಲ್ಲೋ?"

೨. ಉತ್ತರ ಭಾಗ

ಶ್ರಾವಣಮಾಸ ಪೂರ್ತಿ ನಮ್ಮ ಓಣಿಯ ಗುಡಿಯಲ್ಲಿ ಸಂಜೆ ಪುರಾಣ ಹೇಳಿಸುವ ಪದ್ಧತಿ. ಅಪ್ಪ ಸಾಯುವತನಕ ಅವರೇ ಹೇಳಿದ್ದರು. ಆ ವರ್ಷ ನನ್ನ ಕೊರಳಿಗೆ ಬಿತ್ತು. "ಅಪ್ಪನ ಹೆಸರು ಉಳಸು ತಮ್ಮಾ," ಎಂದಳು ಓಣಿಗೆಲ್ಲ ಹಿರಿಯಳಾದ ಆಯಿ. ಅಪ್ಪನ ಪುರಾಣವನ್ನು ಒಂದು ದಿನವೂ ತಪ್ಪಿಸದೆ ಕೇಳಿದವಳು.

ಉಳಿಸುವುದೇನು ಬಂತು! ಸಂಜೆಯ ತಯಾರಿಯ ನೆವದಲ್ಲಿ ಪುರಾಣದ ಹೊತ್ತಗೆಯೊಳಗೆ ಪೈಲ್ವಾನನನ್ನಿಟ್ಟುಕೊಂಡು ಓದತೊಡಗಿದೆ. ಹೆಂಡತಿ ಮುಟ್ಟದಿರಲೆಂದು ಆ ಗಂಟಿಗೂ ಪುರಾಣದ ಹಾಗೆಯೇ ಕೆಂಪು ವಸ್ತ್ರ ಸುತ್ತಿ, "ಇದು ಉತ್ತರ ಭಾಗ" ಎಂದು ದೇವರ ಜಗಲಿಯ ಮೇಲಿಟ್ಟೆ. ಪಾಪ, ದಿನಾ ಅದಕ್ಕೂ ಹೂವೇರಿಸುತ್ತಿದ್ದಳು. ನನಗೆ ನೀರು ತರುವ ಕೆಲಸವನ್ನೂ ಬಿಡಿಸಿದಳು.

ಒಂದು ಮಧ್ಯಾಹ್ನ ಓದುತ್ತ ಗೊಳ್ಳೆಂದು ನಕ್ಕುಬಿಟ್ಟೆ. ಪಕ್ಕದ ಮನೆಯ ವೈನಿ ಇಣುಕಿ, "ಪುರಾಣದಾಗ ನಗೂದೂ ಅದ ಏನ್ರಿ?" ಎಂದಳು.

ಹೆಂಡತಿ ಗಂಭೀರಳಾಗಿ ಹೇಳಿದಳು: "ತಿಳಿದವ್ರಿಗೆ ಅದ ರೀ."

೩. ಬಂದೂಕು

ಹಗಲು ಓದಿದ್ದು ಸಂಜೆ ಬಾಯಿಗೆ ಬರದೆ ಇರುತ್ತದೆಯೇ? ಒಂದು ಸಂಜೆ ರಾಕ್ಷಸರ ಯುದ್ಧ ರಂಗೇರಿತ್ತು. "ಗುಂಡುಗಳು ವೀರನ ಎದೆಗೆ ಬಡಿದು ಸಿಡಿದು ಹಿಂದಕ್ಕೆ ಹೋದವು!" ಎಂದುಬಿಟ್ಟೆ. ಹೊರಗಿನ ಕಟ್ಟೆಯ ಮೇಲೆ ದಿನಾ ಕೂತು ಕೇಳುತ್ತಿದ್ದ ಅತ್ತರು ಮಾರುವ ಸಾಹೇಬರು ಎದ್ದು ನಿಂತರು.

"ಮಾಸ್ತರ್ ಸಾಬ್, ಆ ಜಮಾನಾದಾಗ ಬಂದೂಕ ಇತ್ತೇನ್ರಿ?"

ನಾನು ಹಾಳೆ ತಿರುವುತ್ತ, "ಇರಲಿಲ್ಲ ಸಾಹೇಬ್ರ. ಆದ್ರ ಮುಂದ ಬರ್ತದಂತ ಅವರಿಗೆ ಗೊತ್ತಿತ್ತು," ಎಂದೆ.

ಜನ ತಲೆದೂಗಿದರು. ಸಾಹೇಬರೂ "ವ್ಹಾ!" ಎಂದರು. ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕೂತು ಆ ವ್ಹಾ ಕೇಳಿದೆನಲ್ಲ, ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

೪. ಮಂಗಲ

ಕೊನೆಯ ದಿನ ಪುರಾಣದ ಮಂಗಲ. ಹೇಳಿದವನು ಹೊತ್ತಗೆಯನ್ನು ತಲೆಯ ಮೇಲಿಟ್ಟುಕೊಂಡು ಭಜನೆಯೊಂದಿಗೆ ಓಣಿ ಸುತ್ತಬೇಕು. ಗುಡಿಗೆ ಬಂದಮೇಲೆ ಎಲ್ಲರಿಗಿಂತ ಹಿರಿಯರು ಗಂಟು ಬಿಚ್ಚಬೇಕು, ಜನ ದರ್ಶನ ತೆಗೆದುಕೊಳ್ಳಬೇಕು.

"ಹೊತ್ತಾತು, ನಡೀರಿ," ಎಂದು ಹೆಂಡತಿ ಕೆಂಪು ಗಂಟನ್ನು ತಲೆಯ ಮೇಲಿಟ್ಟಳು. ಮನೆ ಮನೆಯಲ್ಲೂ ಆರತಿ, ಕಾಯಿ. ನನ್ನ ಕಾಲಿಗೂ ನೀರು ಹಾಕಿದರು. ಗುಡಿಯಲ್ಲಿ ಆಯಿ ಗಂಟು ಬಿಚ್ಚಿದಳು. ಘಮ್ಮೆಂದು ಭಜಿಯ ವಾಸನೆ ಬಂತು.

ಮೇಲಿನ ಪುಟದಲ್ಲೇ ಪೈಲ್ವಾನ. ಬೆನ್ನಿಗೆ ಕೆಂಪು ಶಾಲು, ಪಾಯಿಜಾಮದ ಮೇಲೆ ಚಡ್ಡಿ, ಮುಷ್ಟಿ ಮುಂದಿಟ್ಟು ಹಾರುತ್ತಿದ್ದಾನೆ. ಭಜನೆ ನಿಂತಿತು. ಹೆಂಡತಿ ನನ್ನ ಮುಖ ನೋಡಿದಳು. ಅಪ್ಪನ ಹೆಸರು ಈ ಕ್ಷಣಕ್ಕೆ ಮುಗಿಯಿತೆಂದುಕೊಂಡೆ. ಯಾರೋ ಕೇಳಿಯೂಬಿಟ್ಟರು: "ಆಯಿ, ಇಂವ ಯಾವ ದೇವ್ರು? ಚಡ್ಡಿ ಮ್ಯಾಲ ಹಾಕ್ಕೊಂಡಾನಲ್ಲ?"

ಆಯಿ ಪುಟವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಕಣ್ಣು ತುಂಬಿ ಬಂತು.

"ಯಾರೋ ಕಷ್ಟದಾಗ ಕರದಾರ. ಅವಸರದಾಗ ಒಳಗಿಂದು ಹೊರಗ ಹಾಕ್ಕೊಂಡು ಓಡಿ ಬಂದಾನ ನನ್ನಪ್ಪ," ಎಂದು ಕೈಮುಗಿದಳು. ಆಮೇಲೆ ನನ್ನ ಗಲ್ಲ ಸವರಿದಳು. "ಇಂಥಾ ದೇವರನ್ನ ನಿಮ್ಮಪ್ಪನೂ ತೋರಿಸಿರಲಿಲ್ಲ ತಮ್ಮಾ."

ಗುಡಿ ತುಂಬ ಜನ ಅಡ್ಡಬಿದ್ದರು. ಎಲ್ಲರಿಗಿಂತ ಮೊದಲು ನಾನು ಬಿದ್ದೆ, ಎಲ್ಲರೂ ಎದ್ದಮೇಲೂ ಏಳಲಿಲ್ಲ. ಜನ ಭಕ್ತಿ ಅಂದರು. ಮುಖ ಬಚ್ಚಿಡಲು ನನಗೆ ಬೇರೆ ಜಾಗವೇ ಇರಲಿಲ್ಲ.