ಅತ್ತೆಯ ದನಿ ಮತ್ತು ಎರಡು ಸೀಳಿನ ಪೆಟ್ಟಿಗೆ

"ನಮ್ಮ ಮನೆಯ ಡಿಸ್ಕನ್ನು ಹೊರಗಿನವರು ಮುಟ್ಟಕೂಡದು! ಇದು ನನ್ನ ಅಂತಿಮ ತೀರ್ಮಾನ!" ಎಂದು ಊಟದ ಮೇಜು ಗುದ್ದಿ ಘೋಷಿಸಿದೆ. ಬಟ್ಟಲಲ್ಲಿದ್ದ ಬೆಂಡೆಕಾಯಿ ಸಾರು ಹಾರಿ ನನ್ನ ಅಂಗಿಯ ಮೇಲೆ ಕೂತಿತು. ಅಲ್ಲಿಗೇ ಎಚ್ಚರವಾಗಬೇಕಿತ್ತು. ಆಗಲಿಲ್ಲ.

ವಿಷಯ ಇಷ್ಟು. ನಮ್ಮ ಮನೆಯ ಕಂಪ್ಯೂಟರಿನೊಳಗೆ ಇರುವೆಗಳು ಸಂಸಾರ ಹೂಡಿ, ಅದು ಪ್ರಾಣ ಬಿಟ್ಟಿತ್ತು. ಅದರ ಡಿಸ್ಕಿನಲ್ಲಿ ನನ್ನ ಅತ್ತೆಯ ದನಿ ಇತ್ತು. ಅತ್ತೆ ಹೋಗಿ ಆರು ವರ್ಷ. ಘಾನಾದ ನಮ್ಮ ಹೋ ಪಟ್ಟಣದ ಚರ್ಚಿನಲ್ಲಿ ಹಾಡುವ ತಂಡ ಕಟ್ಟಿದವರೇ ಅವರು. ಈಗ ಅದನ್ನು ನಡೆಸುವವಳು ಅವರ ಮಗಳು, ನನ್ನ ಹೆಂಡತಿ ಅಕೋಫಾ. ಬರುವ ಭಾನುವಾರ ತಂಡಕ್ಕೆ ನಲವತ್ತು ವರ್ಷ. ಅತ್ತೆಯೇ ಕಟ್ಟಿದ ಹಾಡೊಂದನ್ನು ಅಂದು ಹಾಡಬೇಕು. ಅದರ ಧಾಟಿ ಪೂರ್ತಿಯಾಗಿ ಯಾರಿಗೂ ನೆನಪಿಲ್ಲ, ಡಿಸ್ಕೊಂದನ್ನು ಬಿಟ್ಟು!

"ಮಾರ್ಕೆಟ್ಟಿನ ಡೋಟ್ಸೆಗೆ ಕೊಡೋಣ ರೀ. ಅವನು ಕಂಪ್ಯೂಟರ್ ರಿಪೇರಿಯಲ್ಲಿ ಪಳಗಿದವನು," ಎಂದಳು ಅಕೋಫಾ.

"ಡೋಟ್ಸೆನಾ? ಅವನಿಗೆ ಭೂಗೋಳ ಕಲಿಸಿದವನು ನಾನು! ವೋಲ್ಟಾ ನದಿ ಯಾವ ಕಡೆ ಹರಿಯುತ್ತೋ ಅಂದ್ರೆ ಮೇಲಕ್ಕೆ ಅಂದಿದ್ದ ಆಸಾಮಿ!"

"ಡಿಸ್ಕಿನಲ್ಲಿ ನದಿ ಇಲ್ವಲ್ಲ."

ಇಂಥ ಮಾತಿಗೆಲ್ಲ ಕಿವಿಗೊಟ್ಟರೆ ಗಂಡಸ್ತನಕ್ಕೆ ಬೆಲೆ ಎಲ್ಲಿ? ಸೋಮವಾರ ಬೆಳಗ್ಗೆಯೇ ಹೊರಟು ಡಾಕ್ ಕೊಂಡು ತಂದೆ. ನೆತ್ತಿಯ ಮೇಲೆ ಎರಡು ಸೀಳಿರುವ ಕಪ್ಪು ಪೆಟ್ಟಿಗೆ. ಡಿಸ್ಕನ್ನು ಸೀಳಿಗೆ ಇಳಿಸಿ, ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸುವುದು.

ಅಕೋಫಾ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಇದರಲ್ಲಿ ಬ್ರೆಡ್ ಸುಡ್ತೀರಾ?"

"ಇದು ಡಾಕ್! ಕಾಪಿ ಮಾಡೋಕೆ ಕಂಪ್ಯೂಟರೇ ಬೇಡ. ಈ ಗುಂಡಿ ಒತ್ತಿದರೆ ಸಾಕು, ಒಂದನೇ ಡಿಸ್ಕಿನಲ್ಲಿರೋದೆಲ್ಲ ಎರಡನೆಯದಕ್ಕೆ ಇಳಿಯುತ್ತೆ!"

"ಎರಡನೆಯದರಲ್ಲಿ ಮೊದಲೇ ಇದ್ದದ್ದು?"

"ಅಳಿಸಿಹೋಗುತ್ತೆ. ಹೋಗಲಿ ಬಿಡು!"

ಹೋಗಲಿ ಬಿಡು ಎಂದದ್ದಕ್ಕೆ ಕಾರಣವಿತ್ತು. ಎರಡನೇ ಸೀಳಿನಲ್ಲಿ ನಾನು ಇಡಲಿದ್ದದ್ದು ನನ್ನದೇ ಹಳೇ ಡಿಸ್ಕು. ಅದರೊಳಗಿನ ಗುಟ್ಟನ್ನು ನಿಮಗಷ್ಟೇ ಹೇಳುತ್ತೇನೆ. ಅಕೋಫಾ ತನ್ನ ತಂಡಕ್ಕೆ ನನ್ನನ್ನು ಮೂರು ಸಲ ಪರೀಕ್ಷಿಸಿ ಮೂರು ಸಲವೂ ಬಾಗಿಲು ತೋರಿಸಿದ್ದಳು. ಹಟ ಹಿಡಿದ ನಾನು ಬಚ್ಚಲುಮನೆಯಲ್ಲಿ ಕದ್ದು ಅಭ್ಯಾಸ ಮಾಡಿ, ನಲವತ್ತೊಂದು ಹಾಡು ಧ್ವನಿಮುದ್ರಿಸಿಕೊಂಡಿದ್ದೆ. ಒಂದೆರಡು ಕೇಳಿ ನೋಡಿದ ಮೇಲೆ, ಆ ಸಾಕ್ಷ್ಯ ಭೂಮಿಯ ಮೇಲೆ ಉಳಿಯಬಾರದು ಎನ್ನಿಸಿತ್ತು.

ಗುರುವಾರ ಮಧ್ಯಾಹ್ನ ಶುಭಕಾರ್ಯ. ಸೀಳುಗಳ ಅಂಕಿ ಪೆಟ್ಟಿಗೆಯ ಬೆನ್ನಿನ ಮೇಲಿತ್ತು. ಬೆನ್ನನ್ನು ನನ್ನತ್ತ ತಿರುಗಿಸಿ ಓದಿದೆ: ಎಡಕ್ಕೆ ಒಂದು, ಬಲಕ್ಕೆ ಎರಡು. ಗುಂಡಿ ಮುಂದಿತ್ತಲ್ಲ, ಪೆಟ್ಟಿಗೆಯನ್ನು ಮತ್ತೆ ಮುಂದಕ್ಕೆ ತಿರುಗಿಸಿ, ಅತ್ತೆಯ ಡಿಸ್ಕನ್ನು ಎಡಕ್ಕೆ, ನನ್ನದನ್ನು ಬಲಕ್ಕೆ ಇಳಿಸಿ, ಗಂಭೀರವಾಗಿ ಗುಂಡಿ ಒತ್ತಿದೆ. ಮೂವತ್ತು ವರ್ಷ ಮಕ್ಕಳಿಗೆ ನಕ್ಷೆ ಓದಲು ಕಲಿಸಿದವನು ನಾನು ಎಂಬುದನ್ನು ಮರೆಯಬೇಡಿ!

ನಾಲ್ಕು ದೀಪ ಒಂದೊಂದಾಗಿ ಹತ್ತಿದವು. ಅಷ್ಟರಲ್ಲಿ ತಂಡದ ಆರು ಹೆಂಗಸರು ಧಾಟಿ ಕಲಿಯಲು ಬಂದು ಜಗುಲಿಯಲ್ಲಿ ಕೂತಿದ್ದರು. ಡಾಕನ್ನು ಅಕೋಫಾಳ ಲ್ಯಾಪ್‌ಟಾಪಿಗೆ ಜೋಡಿಸಿ, ಸ್ಪೀಕರಿನ ಸದ್ದು ಏರಿಸಿ, "ಕೇಳಿ!" ಎಂದೆ.

ಕೇಳಿದರು. ಬಕೆಟ್ಟಿನ ಸದ್ದು. ಒಂದು ಕೆಮ್ಮು. ಆಮೇಲೆ ನಾನು!

ತಂಡದಲ್ಲೇ ಹಿರಿಯಳಾದ ಕಫುಯಿ ಅಜ್ಜಿ ಮರುಕದಿಂದ ಕೇಳಿದಳು: "ಪಾಪ, ಯಾರ ಮನೆ ಮೇಕೆ ಅದು? ಹೆರಿಗೆ ಸುಸೂತ್ರ ಆಯ್ತಾ?"

ಇನ್ನೊಂದು ಡಿಸ್ಕು ತೆರೆದೆ. ಅಲ್ಲೂ ಅದೇ ಬಕೆಟ್ಟು, ಅದೇ ಕೆಮ್ಮು, ಅದೇ ಮೇಕೆ! ಪೆಟ್ಟಿಗೆ ತಿರುಗಿಸಿದಾಗ ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಅತ್ತೆಯ ಮೇಲೆ ನಾನು ಕೂತಿದ್ದೆ. "ಹೋ!" ಎಂದೆ. ನಮ್ಮೂರಿನ ಹೆಸರು ಅಷ್ಟು ಸಂಕಟದಿಂದ ಯಾರ ಬಾಯಲ್ಲೂ ಬಂದಿರಲಾರದು.

ಅಕೋಫಾ ಕೂಗಾಡಲಿಲ್ಲ. "ಡೋಟ್ಸೆ ಹತ್ತಿರ ಹೋಗಿ," ಎಂದಳು, ಅಷ್ಟೆ. ಕೂಗಾಡಿದ್ದರೇ ಚೆನ್ನಾಗಿತ್ತು.

ಡೋಟ್ಸೆ ಎರಡೂ ಡಿಸ್ಕು ನೋಡಿ ತಲೆಯಾಡಿಸಿದ. "ಅದರ ಮೇಲೇ ಬರೆದುಬಿಟ್ಟಿದ್ದೀರಿ ಮೇಷ್ಟ್ರೇ. ಇನ್ನು ಯಾರೂ ತೆಗೆಯೋಕಾಗಲ್ಲ. ಆ ಗುಂಡಿ ಯಾಕೆ ಒತ್ತಿದ್ರಿ? ಲ್ಯಾಪ್‌ಟಾಪಿಗೆ ಸಿಕ್ಕಿಸಿ ಹಾಡು ಎಳೆದುಕೊಂಡಿದ್ರೆ ಮುಗೀತಿತ್ತು. ಎಡ ಬಲ ತಪ್ಪಿದ್ರೆ ನಮಗೆ ಬೆತ್ತದಲ್ಲಿ ಕೊಡ್ತಿದ್ರಿ, ಅಲ್ವಾ?"

ನಾನು ಅವನ ಸ್ಟೂಲಿನ ಮೇಲೆ ಕುಸಿದೆ. ಅಕೋಫಾಳ ತವರಿಗೆ ನಾನು ಮೊದಲ ಸಲ ಊಟಕ್ಕೆ ಹೋದಾಗ ಅತ್ತೆ ಹಾಡಿಕೊಳ್ಳುತ್ತಲೇ ಬಡಿಸಿದ್ದರು. ಆ ದನಿಯನ್ನು ಒಂದೇ ಬೆರಳಲ್ಲಿ ಒರೆಸಿಹಾಕಿದ್ದೆ.

"ಡೋಟ್ಸೆ, ನನಗೆ ಇದೆಲ್ಲ ಗೊತ್ತಿಲ್ಲಪ್ಪ. ಸುಮ್ಮನೆ ಜಂಬ ಮಾಡಿದೆ. ತಪ್ಪಾಯ್ತು."

ಡೋಟ್ಸೆ ಥಟ್ಟನೆ ಡ್ರಾಯರ್ ಎಳೆದು ಪುಟ್ಟ ಪೆನ್ ಡ್ರೈವ್ ಒಂದನ್ನು ನನ್ನ ಅಂಗೈಯಲ್ಲಿಟ್ಟ. "ತಗೊಳ್ಳಿ, ನಿಮ್ಮ ಅತ್ತೆಯವರ ಹಾಡು."

"ಎಲ್ಲಿಂದ ಬಂತು?"

"ಅಕೋಫಾ ಅಕ್ಕ ಸೋಮವಾರವೇ ಡಿಸ್ಕು ತಂದಿದ್ರು. 'ನಮ್ಮ ಮನೆಯವರು ಏನೋ ಪೆಟ್ಟಿಗೆ ತರೋಕೆ ಹೋಗಿದ್ದಾರೆ, ಅವರು ಬರೋದ್ರೊಳಗೆ ಕಾಪಿ ಮಾಡಿಕೊಡು' ಅಂತ ಒಂದೇ ಅವಸರ. ಈಗ ತಾನೇ ಫೋನೂ ಮಾಡಿದ್ರು: 'ನನಗೆ ಗೊತ್ತಿಲ್ಲ ಅಂತ ಅವರ ಬಾಯಲ್ಲಿ ಬರೋವರೆಗೂ ಕೊಡಬೇಡ' ಅಂತ."

ಭಾನುವಾರ ಹಾಡು ಕಳೆಗಟ್ಟಿತು. ಕೊನೆಯ ಚರಣವನ್ನು ತಂಡ ಹಾಡಲಿಲ್ಲ. ಸ್ಪೀಕರಿನಲ್ಲಿ ಅತ್ತೆಯೇ ಹಾಡಿದರು. ಅಕೋಫಾ ಅತ್ತಳು. ಹಿಂದಿನ ಬೆಂಚಿನಲ್ಲಿ ನಾನೂ ಅತ್ತೆ.

ಮನೆಗೆ ನಡೆದು ಬರುವಾಗ ಅವಳ ಮನಸ್ಸು ಮೆತ್ತಗಿತ್ತು. "ನಿಮ್ಮ ನಲವತ್ತೊಂದನ್ನೂ ಕೂತು ಕೇಳಿದೆ ರೀ," ಎಂದಳು.

"ಎಲ್ಲಾನೂ?"

"ಎಲ್ಲಾನೂ. ಮೂವತ್ತೆಂಟನೇದು ನಿಜವಾಗಿ ಚೆನ್ನಾಗಿದೆ."

ನನ್ನ ಎದೆ ಎರಡು ಅಂಗುಲ ಉಬ್ಬಿತು! "ನಿಜವಾಗ್ಲೂ? ಯಾವ ಹಾಡು ಅದು?"

"ಹಾಡಲ್ಲ. ನೀವು ಅದರಲ್ಲಿ ಬಾಯೇ ತೆರೆದಿಲ್ಲ. ಬರೀ ನಲ್ಲಿ ನೀರು ಬೀಳೋ ಸದ್ದು."