ಠರಾವಿಗೆ ಏಳದ ಬಲಗೈ

ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಕಡಿಮೆ, ಕಚೇರಿಯ ಮೆಟ್ಟಿಲು ಹತ್ತಿ ಕೂಗಾಡಿದ್ದೇ ಹೆಚ್ಚು. ಆದರೂ ಸಿಟ್ಟಿನಿಂದ ಹೊರಟ ನನ್ನ ಕೆಲಸಗಳೆಲ್ಲ ನಗುವಿನಲ್ಲೇ ಮುಗಿಯುತ್ತವೆ. ಎಂಬತ್ತರ ದಶಕದ ಕೊನೆಯಲ್ಲಿ ಆಂಧ್ರದ ಎಮ್ಮಿಗನೂರಿನಲ್ಲಿ ನಾನು ಮುಖಂಡನಾಗಿದ್ದ ಮಗ್ಗದವರ ಸಂಘದ ನೇಕಾರನೊಬ್ಬನ ಕೈ ಉಳಿಸಲು ಹೋದಾಗಲೂ ಹಾಗೇ ಆಯಿತು.

೧. ಒಂದೇ ಕೈಯ ಪೈಲ್ವಾನ

ಲಾಳಿಯ ಹಗ್ಗ ಎಳೆದೆಳೆದು ಆತನ ಬಲಗೈ ಭುಜದವರೆಗೆ ಊದಿ ನೀಲಿಗಟ್ಟಿತ್ತು. ಮಗ್ಗ ನಿಂತಿತ್ತು. ಚಹದಂಗಡಿಯವನು ಕೆಣಕಿದ: "ಏನಣ್ಣಾ, ತಾಲೀಮಿಗೆ ಹೊಂಟೀಯೇನು?"

"ಹೌದಪ್ಪ, ಎಡಗೈಗೆ ಇನ್ನಾ ಪಾಳಿ ಬಂದಿಲ್ಲ."

ನಾನು ಕರೆದೊಯ್ದಾಗ ಹತ್ತಿರದ ಆದೋನಿಯ ಡಾಕ್ಟರು ವಿಶ್ರಾಂತಿ ಬೇಕೆಂದರು. ನಾನು ಮೇಜು ಗುದ್ದಿದೆ: "ನೇಕಾರಗ ವಿಶ್ರಾಂತಿ ಅಂದ್ರ ಉಪವಾಸ್ರಿ!"

ಅವರು ಹೈದರಾಬಾದಿಗೆ ಚೀಟಿ ಬರೆದು, ನನ್ನ ಮುಷ್ಟಿ ನೋಡಿ ಅಂದರು: "ಇದೂ ಊದತೈತಿ. ಇಬ್ಬರೂ ಹೋಗ್ರಿ."

೨. ಒಂದೇ ಎಳೆ

ಕೈಯ ರಕ್ತ ಎದೆಗೆ ಮರಳುವ ದೊಡ್ಡ ನಾಳ ಕೊರಳೆಲುಬಿನ ಕೆಳಗೆ ಮುಚ್ಚಿಕೊಂಡಿದೆ ಎಂದರು ಅಲ್ಲಿಯ ಡಾಕ್ಟರು. ಎದೆ ಕೊಯ್ಯುವುದಿಲ್ಲ. ಹೆಪ್ಪು ಕರಗಲು ಮದ್ದು ಕೊಟ್ಟು, ಮೊಳಕೈ ಹತ್ತಿರ ಸೂಜಿಯಷ್ಟು ತೂತು ಮಾಡಿ ತೆಳು ತಂತಿ ತೂರಿಸಿ, ಎಕ್ಸ್‌ರೇ ಪರದೆಯಲ್ಲಿ ನೋಡುತ್ತ, ಪುಟ್ಟ ಬಲೂನು ಊದಿ ದಾರಿ ಬಿಡಿಸುತ್ತಾರಂತೆ.

ನಾನು ಅರೆ ತೆರೆದ ಗಾಜಿನ ಬಾಗಿಲಾಚೆ ನಿಂತೆ. ಮಲಗಿದ್ದ ನಮ್ಮ ನೇಕಾರ ಎಚ್ಚರವಾಗಿಯೇ ಪರದೆ ನೋಡುತ್ತಿದ್ದ. ಮುಚ್ಚಿದಲ್ಲಿ ತಂತಿ ತಡೆದು ನಿಂತಿತು. ಡಾಕ್ಟರು ಒತ್ತಿದರು. ಮಲಗಿದ್ದಲ್ಲಿಂದಲೇ ಆತ ಕೂಗಿದ:

"ಒತ್ತಬ್ಯಾಡ್ರಿ ಸಾರ್! ಬೆರಳಾಗ ಹೊಸೀರಿ, ತಾನೇ ದಾರಿ ಹುಡಕತೈತಿ!"

ಡಾಕ್ಟರು ನಕ್ಕು ಹೊಸೆದರು. ತಂತಿ ದಾಟಿತು. ಬೆರಗಾಗಿ ತೆಲುಗಿನಲ್ಲಿ ಕೇಳಿದರು, ಎಲ್ಲಿ ಕಲಿತೆಯಯ್ಯಾ ಎಂದು.

"ಮಗ್ಗದ ಹಣಿಗಿ ಹಲ್ಲಿನಾಗ ಸಾವಿರ ಎಳಿ ತೂರಸ್ತೀನ್ರಿ. ನಿಮ್ದು ಒಂದೇ ಎಳಿ, ಇಷ್ಟ್ಯಾಕ ಬೆವರ್ತೀರಿ?"

೩. ಒಪ್ಪಿದವರು ಕೈ ಎತ್ತಿ

ವಾರದೊಳಗೆ ಕೈಯ ಊತ ಇಳಿಯಿತು. ಮೆಲ್ಲಗೆ ಮಗ್ಗಕ್ಕೆ ಕೂರು, ಆದರೆ ಮೂರು ತಿಂಗಳು ಬಲಗೈ ತಲೆಯ ಮೇಲೆ ಎತ್ತಬೇಡ ಎಂದು ಹೇಳಿ ಕಳಿಸಿದರು.

ಊರಿಗೆ ಬಂದವನೇ ಸಂಘದ ಸಭೆ ಕರೆದೆ. ಹೆಮ್ಮೆ ಎದೆಯಲ್ಲಿ ಹಿಡಿಸುತ್ತಿರಲಿಲ್ಲ. "ದೊಡ್ಡಾಸ್ಪತ್ರಿ ತಂತಿಗೆ ದಾರಿ ತೋರಿಸಿದ್ದು ನಮ್ಮ ನೇಕಾರ! ಅಂಥ ಯಂತ್ರ ಆದೋನಿಗೂ ಬರಬೇಕು. ಬರೋತನಕ ಎಲ್ಲಾ ಮಗ್ಗ ನಿಲ್ಲಸೋಣ. ಒಪ್ಪಿದವರು ಕೈ ಎತ್ರಿ!" ಎಂದು ನಾನೇ ಮೊದಲು ಎರಡೂ ಕೈ ಎತ್ತಿದೆ.

ಎಲ್ಲರ ಕೈ ಎದ್ದವು. ನಾನು ಉಳಿಸಿ ತಂದ ಕೈ ಮಾತ್ರ ತೊಡೆಯ ಮೇಲಿತ್ತು.

"ಯಾಕಲೇ, ನೀ ಎತ್ತಲಿಲ್ಲ?"

"ಡಾಕ್ಟ್ರು ಬ್ಯಾಡ ಅಂದಾರಣ್ಣಾ."

"ಎಡಗೈ ಎತ್ತು ಮತ್ತ!"

"ಅದಕ್ಕ ನಾನೇ ಬ್ಯಾಡ ಅಂದೀನಿ. ಮಗ್ಗಕ್ಕ ಕುಂದ್ರಾಕಂತಲೇ ಈ ಕೈ ಬಿಡಿಸ್ಕೊಂಡು ಬಂದೀನಿ. ನೀ ನೋಡಿದ್ರ ನಿಲ್ಲಸು ಅಂತಿ!"

ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ನಾನೊಬ್ಬನೇ ಎರಡೂ ಕೈ ಮೇಲೆತ್ತಿ ನಿಂತಿದ್ದೆ. ಹಿಂದೆ ಕೂತಿದ್ದ ಆತನ ಹೆಂಡತಿ ಎದ್ದು ಬಂದಳು.

"ಅಣ್ಣಾ, ಹಂಗೇ ಹಿಡಕೊಂಡಿರು. ಒಂದು ಲಡಿ ನೂಲು ಹಾಕ್ತೀನಿ, ಸುತ್ತೋದೈತಿ."