ಮನಃಶಾಸ್ತ್ರದ ಮೇಡಂ ಮನೆಯಲ್ಲಿ ನಪಾಸಾದದ್ದು

ಮನಃಶಾಸ್ತ್ರ ಕಲಿಸಿದವರ ಮನೆಯಲ್ಲಿ ಯಾರ ಮನಸ್ಸೂ ನೋಯುವುದಿಲ್ಲ ಎಂದು ಜನ ಭಾವಿಸುತ್ತಾರೆ. ಮಂಗಳೂರಿನ ಒಂದು ಕಾನ್ವೆಂಟ್ ಕಾಲೇಜಿನಲ್ಲಿ ನಾನು ಮೂವತ್ತು ವರ್ಷ ಆ ವಿಷಯವನ್ನು ಕಲಿಸಿದೆ. ಓದಿದ್ದೂ ಅದೇ ಕಾನ್ವೆಂಟಿನ ಸಿಸ್ಟರುಗಳ ಕೈಕೆಳಗೆ. ಈಗ ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಮಗಳೊಂದಿಗಿದ್ದೇನೆ. ನನ್ನ ಒಬ್ಬಳೇ ತಂಗಿ ಸಿಡ್ನಿಯ ಗಿರಾವೀನ್‌ನಲ್ಲಿ ತನ್ನ ಮಗನೊಂದಿಗಿದ್ದಾಳೆ. ನಗೆಪಾಟಲಿನ ಪ್ರಸಂಗಗಳು ನನಗೆ ಎರಡೂ ಊರುಗಳಲ್ಲಿ ತಪ್ಪಿದ್ದಲ್ಲ. ಕೆಲವನ್ನು ಬರೆಯುತ್ತೇನೆ. ತಪ್ಪು ಯಾರದೆಂದು ಓದುವವರಿಗೆ ಬೇಗ ತಿಳಿಯುತ್ತದೆ. ನನಗೆ ತಿಳಿಯಲು ತಡವಾಯಿತು.

೧. ಅಂತರ್ಮುಖಿ

ನನ್ನ ಅಳಿಯ ಮನೆಯಲ್ಲಿ ಮಾತನಾಡುವುದು ಕಡಿಮೆ. ಮೆಲ್ಬರ್ನಿಗೆ ಬಂದ ಮೂರನೆಯ ವಾರವೇ ಅವರನ್ನು ಅಂತರ್ಮುಖಿ ಎಂದು ತೀರ್ಮಾನಿಸಿದೆ. ಮನೆಗೆ ಬಂದುಹೋಗುವ ಕನ್ನಡದವರಿಗೂ ಅದನ್ನು ವಿವರಿಸಿದೆ: ಹತ್ತು ಜನ ಸೇರಿದರೆ ಅವರಿಗೆ ಕಷ್ಟವಾಗುತ್ತದೆ, ಒತ್ತಾಯಿಸಬೇಡಿ. ಅವರೆಲ್ಲ ಮರ್ಯಾದಸ್ಥರು, ಕರೆಯುವುದನ್ನೇ ನಿಲ್ಲಿಸಿದರು. ಎರಡು ಬಾರ್ಬೆಕ್ಯೂ, ಒಂದು ಗೃಹಪ್ರವೇಶ ಅಳಿಯನಿಲ್ಲದೆ ನಡೆದವು.

ಒಂದು ದಿನ ಅವರ ಸಹೋದ್ಯೋಗಿಯೊಬ್ಬರು ಮನೆಗೆ ಬಂದರು. ಈ ಮನುಷ್ಯನ ಮಾತನ್ನು ಮನೆಯಲ್ಲಿ ಹೇಗೆ ಸಹಿಸುತ್ತೀರಿ ಎಂದು ನನ್ನನ್ನೇ ಕೇಳಿದರು. ಅವರು ಹೋದ ಮೇಲೆ ಮಗಳು ಹೇಳಿದಳು: "ಅಮ್ಮ, ಆಫೀಸಿನಲ್ಲಿ ಇವರು ಫುಲ್ ಬಾಯಿಬಡುಕ. ಇಲ್ಲಿ ಬಾಯಿ ತೆಗೆದರೆ ನೀನು ಕರೆಕ್ಟ್ ಮಾಡ್ತೀ ಅಂತ ಸುಮ್ಮನಿರುವುದು."

ಒಬ್ಬನ ನಡತೆಯನ್ನು ಕಂಡಾಗ ಅವನ ಸ್ವಭಾವವನ್ನು ದೂರುವ ಮೊದಲು ಸನ್ನಿವೇಶವನ್ನು ನೋಡಿ ಎಂದು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಆ ಸನ್ನಿವೇಶ ನಾನೇ ಆಗಿರಬಹುದೆಂದು ಪಠ್ಯದಲ್ಲಿರಲಿಲ್ಲ.

೨. ನಿಂಬೆಹಣ್ಣು

ತಂಗಿಯ ಗಂಡ ಇನ್ನೂ ಇದ್ದ ಕಾಲ. ನಾನು ಸಿಡ್ನಿಗೆ ಹೋಗಿದ್ದೆ. ಹ್ಯಾರಿಸ್ ಪಾರ್ಕಿನ ದಿನಸಿ ಅಂಗಡಿಯೆದುರು ಒಬ್ಬ ವೃದ್ಧರ ಚೀಲ ಹರಿದು ಈರುಳ್ಳಿ, ನಿಂಬೆಹಣ್ಣು ಫುಟ್‌ಪಾತಿನ ತುಂಬ ಉರುಳಿದವು. ಜನ ನಿಂತು ನೋಡಿದರು. ಯಾರೂ ಬಾಗಲಿಲ್ಲ.

ಇದಕ್ಕಿಂತ ಒಳ್ಳೆಯ ಉದಾಹರಣೆ ಮೂವತ್ತು ವರ್ಷದಲ್ಲಿ ನನಗೆ ಸಿಕ್ಕಿರಲಿಲ್ಲ. ನೋಡುವವರು ಹೆಚ್ಚಿದಷ್ಟೂ ನೆರವಿಗೆ ಬರುವವರು ಏಕೆ ಕಡಿಮೆಯಾಗುತ್ತಾರೆ, ಹೊಣೆ ಹೇಗೆ ಹಂಚಿಹೋಗುತ್ತದೆ ಎಂಬುದನ್ನು ಅಲ್ಲಿಯೇ ನಿಂತು ತಂಗಿಗೆ ವಿವರಿಸತೊಡಗಿದೆ. ಎರಡನೆಯ ಕಾರಣಕ್ಕೆ ಬರುವಷ್ಟರಲ್ಲಿ ಅವಳು ಪಕ್ಕದಲ್ಲಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಈರುಳ್ಳಿ ಆಯುತ್ತಿದ್ದಳು. ಕೊನೆಗೆ ಆ ವೃದ್ಧರು ನನ್ನ ಬಳಿ ಬಂದು, ಹಿಂದಿಯಲ್ಲಿ, ಬಹಳ ವಿನಯದಿಂದ, ದಯವಿಟ್ಟು ಕಾಲನ್ನು ಸ್ವಲ್ಪ ಎತ್ತಬಹುದೇ ಎಂದು ಕೇಳಿದರು. ಒಂದು ನಿಂಬೆಹಣ್ಣು ನನ್ನ ಚಪ್ಪಲಿಯ ಕೆಳಗಿತ್ತು.

೩. ವೇಳಾಪಟ್ಟಿ

ಮರುವರ್ಷ ತಂಗಿಯ ಗಂಡ ತೀರಿಕೊಂಡರು. ನಾನು ಹೋಗಿ ಹದಿಮೂರು ದಿನ ಇದ್ದು ಬಂದೆ. ಮೂರು ತಿಂಗಳ ಬಳಿಕ ಒಂದು ಮಧ್ಯಾಹ್ನ ಅವಳ ಫೋನು ಬಂತು.

"ಅಕ್ಕ, ಬೆಳಿಗ್ಗೆ ಏಳಲಿಕ್ಕೆ ಆಗುವುದಿಲ್ಲ. ತಲೆ ಬಾಚುವುದೂ ದೊಡ್ಡ ಕೆಲಸ ಅನ್ನಿಸ್ತದೆ. ನನಗೆ ಎಂತ ಆಗಿದೆ?"

ಖಿನ್ನತೆಗೂ ಸೋಮಾರಿತನಕ್ಕೂ ಇರುವ ವ್ಯತ್ಯಾಸವನ್ನು ಬರೆಯಿರಿ ಎಂದು ನಾನು ಪ್ರಶ್ನಪತ್ರಿಕೆಯಲ್ಲಿ ಕೇಳುತ್ತಿದ್ದೆ. ತಪ್ಪು ಬರೆದವರಿಗೆ ಅಂಕ ಕೊಟ್ಟವಳಲ್ಲ. ಅಂಥ ನಾನು ತಂಗಿಗೆ ಹೇಳಿದ್ದು, ಶಿಸ್ತು ತಪ್ಪಿದರೆ ಹೀಗೆಯೇ ಆಗುತ್ತದೆ ಎಂದು. ಅಂದೇ ಒಂದು ವೇಳಾಪಟ್ಟಿ ತಯಾರಿಸಿ ಕಳುಹಿಸಿದೆ. ಐದಕ್ಕೆ ಏಳುವುದು, ಐದೂಕಾಲಿಗೆ ಸ್ನಾನ, ಆರಕ್ಕೆ ನಡಿಗೆ. ಸಂಜೆ ನಾಲ್ಕರಿಂದ ನಾಲ್ಕೂವರೆಯವರೆಗೆ 'ದುಃಖ' ಎಂದೂ ಬರೆದಿದ್ದೆ. ಅದಕ್ಕೂ ಒಂದು ಹೊತ್ತಿರಲಿ ಎಂದು.

ಮುಂದಿನ ಭಾನುವಾರ ಫೋನು ಮಾಡಿ ವರದಿ ಕೇಳಿದೆ. ಎಲ್ಲ ಸರಿಯಾಗಿದೆ, ಇಲ್ಲಿ ಮೋಡವಿದೆ ಎಂದಳು. ಅದರ ಮುಂದಿನ ಭಾನುವಾರ ಮಳೆ, ಅದರಾಚೆ ಬಿಸಿಲು. ಅವಳು ನನ್ನೊಡನೆ ಬೇರೇನನ್ನೂ ಮಾತನಾಡುವುದನ್ನು ಬಿಟ್ಟಿದ್ದಳು. ಚಿಕ್ಕಂದಿನಲ್ಲಿ ನನ್ನ ಪಕ್ಕದಲ್ಲಲ್ಲದೆ ಮಲಗದಿದ್ದವಳು. ಅವಳ ಮೌನ ಮುರಿಯಲು ನನಗೆ ಗೊತ್ತಿದ್ದ ಯಾವ ಸಿದ್ಧಾಂತವೂ ಉಪಯೋಗಕ್ಕೆ ಬರಲಿಲ್ಲ. ಒಂದು ವರ್ಷದಲ್ಲಿ ಸಿಡ್ನಿಯ ಹವಾಮಾನ ಮಾತ್ರ ನನಗೆ ಬಾಯಿಪಾಠವಾಯಿತು.

೪. ಕುರ್ಚಿ

ಕಳೆದ ಚಳಿಗಾಲದಲ್ಲಿ ತಂಗಿಯ ಮಗ ಫೋನು ಮಾಡಿದ. ಅಮ್ಮ ಒಂದು ತಿಂಗಳಿನಿಂದ ಕೌನ್ಸೆಲರ್ ಬಳಿ ಹೋಗುತ್ತಿದ್ದಾಳೆ, ಈಗ ಪರವಾಗಿಲ್ಲ, ಒಂದು ದಿನ ನೀವೂ ಬರಬೇಕಂತೆ ಎಂದ. ಇಸ್ತ್ರಿ ಮಾಡಿದ ಸೀರೆ, ಒಂದು ನೋಟ್‌ಬುಕ್, ಎರಡು ಪೆನ್ನು ಇಟ್ಟುಕೊಂಡು ವಿಮಾನ ಹತ್ತಿದೆ.

ಕೌನ್ಸೆಲರ್ ನನ್ನ ಮಗಳಿಗಿಂತ ಚಿಕ್ಕವಳು, ಆಸ್ಟ್ರೇಲಿಯದವಳು. ತಂಗಿ ಸೋಫಾದಲ್ಲಿ ಕುಳಿತಳು. ಅವಳ ಎದುರಿಗೆ ಒಂದು ಕುರ್ಚಿ ಖಾಲಿ ಇತ್ತು, ಹೋಗಿ ಕುಳಿತೆ. ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ತಂಗಿ ನಕ್ಕಳು. ಆ ನಗು ಕೇಳಿ ನನಗೆ ಒಂದು ವರ್ಷದ ಮೇಲಾಗಿತ್ತು.

"ಅಕ್ಕ, ನಾಲ್ಕು ವಾರದಿಂದ ಆ ಕುರ್ಚಿಯೇ ನೀನು."

ತಕ್ಷಣ ಅರ್ಥವಾಯಿತು. ಎದುರಿಗಿಲ್ಲದ ವ್ಯಕ್ತಿ ಖಾಲಿ ಕುರ್ಚಿಯಲ್ಲಿದ್ದಾನೆಂದು ಭಾವಿಸಿ ಹೇಳಲಾಗದ್ದನ್ನು ಹೇಳಿಸುವ ಚಿಕಿತ್ಸೆ ಅದು. ನಾನು ಅದನ್ನು ಹತ್ತು ಅಂಕಕ್ಕೆ ಕೇಳುತ್ತಿದ್ದೆ.

"ನಾನು ಏನು ಹೇಳಿದೆ?" ಎಂದೆ.

"ಎಂತದೂ ಹೇಳಲಿಲ್ಲ. ಅದಕ್ಕೇ ನನಗೆ ಎಲ್ಲ ಹೇಳಲಿಕ್ಕೆ ಆಯ್ತು."

ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿ, ಇನ್ನೊಮ್ಮೆ ಹೇಳು ಎಂದು ಕೇಳಿಕೊಂಡೆ. ಅವಳು ಹೇಳಿದಳು. ಏಳಲಿಕ್ಕೆ ಆಗುವುದಿಲ್ಲ ಎಂದು ಫೋನು ಮಾಡಿದ ಆ ದಿನ ಅವಳಿಗೆ ಬೇಕಿದ್ದದ್ದು, ನಾನು ಬರುತ್ತೇನೆ ಎಂಬ ಒಂದು ಮಾತು. ವೇಳಾಪಟ್ಟಿಯನ್ನು ಅವಳು ಇನ್ನೂ ಇಟ್ಟುಕೊಂಡಿದ್ದಾಳೆ. ದಿನವೂ ಅದರಂತೆ ನಡೆಯಲು ನೋಡಿದ್ದಳಂತೆ; ಪ್ರತಿದಿನವೂ ಐದು ಗಂಟೆಗೇ ಸೋತಿದ್ದಳಂತೆ. ನಾಲ್ಕು ಬಾರಿ ನನ್ನ ಬಾಯಿಗೆ ಸಮರ್ಥನೆ ಬಂತು, ಒಮ್ಮೆ ಅವಳು ಹೇಳಿದ ತಾರೀಖನ್ನು ತಿದ್ದಬೇಕೆನಿಸಿತು. ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಐವತ್ತು ನಿಮಿಷ ಸುಮ್ಮನೆ ಕೇಳಿದೆ.

ಹೊರಗೆ ಬಂದು ಸ್ಟೇಷನ್ನಿನ ಕಡೆ ನಡೆಯುವಾಗ ಅವಳು ನನ್ನ ತೋಳು ಹಿಡಿದುಕೊಂಡಳು. ಫಲಿತಾಂಶಕ್ಕೆ ಕಾದ ಹುಡುಗಿಯಂತೆ ನಾನೇ ಕೇಳಿದೆ, ಹೇಗಿತ್ತು ಎಂದು.



"ಕುರ್ಚಿಯಷ್ಟು ಚೆನ್ನಾಗಿ ಇಲ್ಲ ಅಕ್ಕ. ನೀನು ಎರಡು ಸಲ ಕೆಮ್ಮಿದೆ. ಆದರೂ ಪಾಸ್ ಮಾಡಿದ್ದೇನೆ."